ಹೂಗಂಟಿನ ಹೊರೆ

"ಇದು ಬೇಡಮ್ಮ, ವಾಪಸ್ ತಗೊಂಡು ಹೋಗು" ಎಂದು ಕೊಟ್ಟಿಗೆಯವನು ಹುಲ್ಲಿನ ಹೊರೆಯನ್ನು ಎರಡೂ ಕೈಯಿಂದ ಮೆಲ್ಲಗೆ ಕಟ್ಟೆಯ ಅಂಚಿಗೆ ಸರಿಸಿದ. ಕಾಲಿನಿಂದ ನೂಕಿದ್ದರೆ ಮುದುಕಿ ಜಗಳಕ್ಕೆ ನಿಲ್ಲಬಹುದಿತ್ತು. ಹಾಗೆ ಮರ್ಯಾದೆಯಿಂದ ಸರಿಸಿದ್ದಕ್ಕೆ ಜಗಳವಾಡುವುದು ಹೇಗೆ? ಅವಳ ಸೊಸೆ ತಲೆಯ ಮೇಲಿನ ಸಿಂಬಿಯನ್ನು ತೆಗೆಯುವುದನ್ನೂ ಮರೆತು ನಿಂತಿದ್ದಳು.

"ಗಂಟು ನೋಡಿದೆಯೇನಪ್ಪಾ? ಯಾರ ಹೊರೆ ಅಂತ ಗೊತ್ತಾಗಲಿಲ್ವೇನೋ" ಎಂದಳು ಮುದುಕಿ.

"ಗಂಟು ನೋಡಿಯೇ ಬೇಡ ಅಂದಿದ್ದು, ಅಜ್ಜಿ."

ಹಿಂದೆ ಹೊರೆ ಇಳಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಯಾರೋ ಒಬ್ಬಳು ಉಸಿರಿನಲ್ಲೇ "ಅಯ್ಯೋ" ಎಂದಳು. ಕೊಟ್ಟಿಗೆಯವನು ತಲೆ ಎತ್ತದೆ ಪಕ್ಕದ ಹೊರೆಗೆ ಹೋದ.

ಪಟ್ಟಣದ ಅಂಚಿನಲ್ಲಿ ಹಾಲಿನ ಕೊಟ್ಟಿಗೆಗಳು ಸಾಲಾಗಿದ್ದವು. ಅವುಗಳ ಮುಂದೆ ಉದ್ದಕ್ಕೆ ಒಂದು ಕಲ್ಲಿನ ಕಟ್ಟೆ. ಗುಡ್ಡದ ಇಳಿಜಾರಿನಲ್ಲಿ ಹುಲ್ಲು ಕೊಯ್ಯುವ ಹೆಂಗಸರು ಬೆಳಗಾಗುತ್ತಲೇ ತಮ್ಮ ಹೊರೆಗಳನ್ನು ತಂದು ಇಳಿಸುವುದು ಅಲ್ಲಿ. ಇಳಿಸುವ ಗಡಿಬಿಡಿಯಲ್ಲಿ ಯಾರದು ಯಾವುದು ಎಂದು ಕಲಸಿಹೋಗಿ, ಒಂದು ಕಾಲದಲ್ಲಿ ದಿನ ಬೆಳಗಾದರೆ ಜುಟ್ಟು ಹಿಡಿಯುವ ಜಗಳವಾಗುತ್ತಿತ್ತು. ಆಮೇಲೆ ಒಬ್ಬೊಬ್ಬರೂ ತಮ್ಮ ಗಂಟಿಗೆ ಒಂದು ಗುರುತು ಮಾಡಿಕೊಂಡರು. ಒಬ್ಬಳು ಕೆಂಪು ಬಟ್ಟೆಯ ಚೂರು ಸಿಕ್ಕಿಸಿದಳು, ಇನ್ನೊಬ್ಬಳು ಹುರಿಯನ್ನು ಎಡಕ್ಕೆ ಹೊಸೆದಳು, ಮತ್ತೊಬ್ಬಳು ಏನೂ ತೋಚದೆ ಗಂಟಿನ ಕೊನೆಯನ್ನು ಉದ್ದಕ್ಕೆ ಇಳಿಬಿಟ್ಟು ಜೀವಮಾನವಿಡೀ ಬಾಲದಕ್ಕ ಎನ್ನಿಸಿಕೊಂಡಳು. ಈ ಮುದುಕಿ, ಆಗ ಅವಳೂ ಹರೆಯದವಳು, ತನ್ನ ಗಂಟಿಗೆ ನೀಲಿ ಹೂವಿನ ಒಂದು ಕದಿರು ಸಿಕ್ಕಿಸಿದಳು. ಹೂಗಂಟಿನವಳು ಎಂದು ಹೆಸರಾಯಿತು. ಈಗ ಹೂಗಂಟಜ್ಜಿ.

ಹೂವಿನ ಚೆಂದಕ್ಕೆ ಬಂದ ಹೆಸರಲ್ಲ ಅದು. ಅವಳ ಹೊರೆಯಲ್ಲಿ ಮುಳ್ಳು ಇರುತ್ತಿರಲಿಲ್ಲ, ಕಲ್ಲು ಇರುತ್ತಿರಲಿಲ್ಲ, ತೂಕ ಬರಲೆಂದು ನೀರು ಚಿಮುಕಿಸಿದ್ದಿಲ್ಲ. ಮೇಲೆ ಹಸಿರು ಹೊದಿಸಿ ಒಳಗೆ ಒಣಕಡ್ಡಿ ತುಂಬುವ ಕಲೆ ಅವಳಿಗೆ ಬರಲೇ ಇಲ್ಲ. ಹೊಸದಾಗಿ ಕೆಲಸಕ್ಕೆ ಬಂದವರಾದರೆ ಕಟ್ಟೆಯ ಕೊನೆಯಲ್ಲಿ ಕೂತು, ಹೊರೆ ಬಿಚ್ಚಿ, ಹುಲ್ಲನ್ನು ಹರಡಿ ತೋರಿಸಬೇಕು. ಅದಕ್ಕೆ ಬಿಡಿ ಹಾಕುವುದು ಎನ್ನುತ್ತಾರೆ. ಕೊಳ್ಳುವವರು ಬೆರಳಾಡಿಸಿ ನೋಡಿ, ಮೂಗು ಮುರಿದು, ಎಲ್ಲರ ಹೊರೆಯೂ ಮುಗಿದ ಮೇಲೆ ಇವರ ಕಡೆ ಬರುತ್ತಾರೆ. ಅಷ್ಟರಲ್ಲಿ ಹುಲ್ಲು ಬಾಡಿ ಅರ್ಧವಾಗಿರುತ್ತದೆ. ವರ್ಷಗಟ್ಟಲೆ ಹಾಗೆ ಹಾಕಿ ನಂಬಿಕೆ ಬಂದ ಮೇಲೆಯೇ ಗಂಟು ಕಟ್ಟುವ ಯೋಗ್ಯತೆ. ಹೂಗಂಟಜ್ಜಿಯ ಹೊರೆಯನ್ನು ಬಿಚ್ಚಿ ನೋಡಿದವರು ಈಚೆಗೆ ಯಾರೂ ಇರಲಿಲ್ಲ.

ಆ ದಿನ ಬೇರೆ ಕೊಟ್ಟಿಗೆಯವರೂ ಹೊರೆಯ ಹತ್ತಿರ ಸುಳಿಯಲಿಲ್ಲ. ಸೊಸೆ ಅದನ್ನು ಮತ್ತೆ ತಲೆಗೆ ಏರಿಸಿಕೊಂಡಳು. ಪಟ್ಟಣದಿಂದ ಗುಡ್ಡದ ಕಡೆಗೆ ಯಾವ ಹೆಂಗಸೂ ಹುಲ್ಲು ಹೊತ್ತು ನಡೆದದ್ದನ್ನು ಯಾರೂ ಕಂಡಿರಲಿಲ್ಲವಾಗಿ, ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಚಪ್ಪಲಿ ಹೊಲಿಯುವವನು ಸೂಜಿಯನ್ನು ಹಾಗೇ ಹಿಡಿದುಕೊಂಡು, "ಏನಜ್ಜೀ, ದಾರಿ ತಪ್ಪಿತಾ?" ಎಂದು ಕೂಗಿದ.

"ದಾರಿ ಸರಿಯಾಗೇ ಇದೆ, ನಿನ್ನ ಕಣ್ಣು ನೋಡಿಸ್ಕೋ" ಎಂದಳು ಮುದುಕಿ. ಅವನು ಕಾಣದಷ್ಟು ದೂರ ಬಂದ ಮೇಲೆ ಮೊಣಕಾಲು ಹಿಡಿದುಕೊಂಡು ಒಂದು ಗೋಡೆಗೆ ಒರಗಿದಳು.

ಆ ಹೂವು ಬಂದದ್ದು ಒಂದು ದೊಡ್ಡ ಮನೆಯ ತೋಟದಿಂದ. ಮದುವೆಯಾದ ಹೊಸತರಲ್ಲಿ ಅವಳು ಆ ಮನೆಯ ಕಾಂಪೌಂಡಿನ ಪಕ್ಕದ ಹುಲ್ಲು ಕೊಯ್ಯುತ್ತಿದ್ದಾಗ ಅಲ್ಲಿನ ಮಾಲಿ ಒಂದು ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ. ದೂರದ ಯಾವುದೋ ಸೀಮೆಯ ಕಾಡುಹೂವಂತೆ, ಮನೆಯ ಯಜಮಾನಿ ಅಂದಕ್ಕೆಂದು ತರಿಸಿದ್ದಳಂತೆ. "ಇದು ಏನೂ ಕೇಳದ ಗಿಡ ತಾಯಿ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ನಿಮ್ಮತ್ತೆ ಥರ ಅಲ್ಲ" ಎಂದಿದ್ದ. ಅವಳು ನಗುತ್ತಾ ತಂದು ಅಂಗಳದ ಮೂಲೆಯಲ್ಲಿ ನೆಟ್ಟಳು. ಮಾಲಿ ಹೇಳಿದಂತೆಯೇ ಅದು ಏನೂ ಕೇಳಲಿಲ್ಲ. ಉದ್ದನೆಯ ಕದಿರು, ಕದಿರಿನ ತುಂಬ ಸಂಜೆ ಬಾನಿನ ಬಣ್ಣದ ಹೂವು. ಮುಟ್ಟಿದರೆ ಮಾತ್ರ ಎಲೆಯ ಮೇಲಿನ ಒರಟು ರೋಮ ಕೈಗೆ ಚುಚ್ಚುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಅಂಥದೇ ಒಂದು ಗಿಡ ಗುಡ್ಡದ ದಾರಿಯಲ್ಲಿ ಕಂಡಾಗ ಅವಳಿಗೆ ತೌರಿನವರು ಎದುರಾದಷ್ಟು ಖುಷಿಯಾಗಿತ್ತು. ಕುಡುಗೋಲು ತಾಗದ ಹಾಗೆ ಸುತ್ತಲ ಹುಲ್ಲನ್ನಷ್ಟೇ ಕೊಯ್ದಳು. ಮರುವರ್ಷ ಅಲ್ಲೊಂದು ಇಲ್ಲೊಂದು. ಅದರಾಚೆ ಇಡೀ ಇಳಿಜಾರೇ ನೀಲಿಯಾಯಿತು. ಪಟ್ಟಣದಿಂದ ಜನ ಕ್ಯಾಮೆರಾ ಹಿಡಿದು ಬಂದರು. ಮದುವೆಯಾಗಲಿದ್ದ ಜೋಡಿಗಳು ಹೂವಿನ ನಡುವೆ ನಿಂತು, ಒಬ್ಬರ ಹಣೆಗೆ ಒಬ್ಬರು ಹಣೆ ತಾಗಿಸಿ ಫೋಟೋ ತೆಗೆಸಿಕೊಂಡರು. "ನಿನ್ನ ತೋಟ ಚೆನ್ನಾಗಿದೆ ಅಜ್ಜಿ" ಎಂದು ಯಾರಾದರೂ ಅಂದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹುಲ್ಲು ಕಡಿಮೆಯಾಗುತ್ತಿದೆ, ಒಂದು ಹೊರೆಗೆ ಮೊದಲಿಗಿಂತ ಎರಡು ಪಟ್ಟು ಅಲೆಯಬೇಕು ಎಂದು ಸೊಸೆ ಹೇಳಿದಾಗ, ಮಳೆ ಸರಿಯಿಲ್ಲ ಎಂದಿದ್ದಳು.

ಕೊಟ್ಟಿಗೆಗಳಲ್ಲಿ ದನ ಬಡಕಲಾಗತೊಡಗಿದ್ದು ಆಮೇಲೆ. ಹೊರೆ ವಾಪಸಾದ ಹಿಂದಿನ ದಿನ ದನದ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಟ್ಟೆಯ ಮೇಲೆ ನಿಂತು ಒಂದು ಎಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಹೇಳಿದ್ದಳು: "ಹಸಿಯಾಗಿದ್ದಾಗ ದನ ಇದನ್ನ ಮೂಸಿ ಬಿಟ್ಟುಬಿಡುತ್ತೆ. ನೀವು ಮಷೀನಿಗೆ ಕೊಟ್ಟು ಕತ್ತರಿಸಿ ಹಾಕಿದ ಮೇಲೆ ಅದು ಹೇಗೆ ಆರಿಸಿಕೊಳ್ಳುತ್ತೆ? ತಿಂದ ದಿನ ಏನೂ ಆಗಲ್ಲ. ಒಳಗೊಳಗೇ ಲಿವರು ಕಲ್ಲಾಗ್ತಾ ಬರುತ್ತೆ. ಹೊರಗೆ ಕಾಣಿಸೋ ಹೊತ್ತಿಗೆ ನನ್ನ ಕೈಯಲ್ಲಿ ಏನೂ ಉಳಿದಿರಲ್ಲ." ಆ ಎಲೆ ತನ್ನ ನೀಲಿ ಹೂವಿನ ಗಿಡದ್ದೇ ಎಂದು ಮುದುಕಿ ಗುರುತಿಸಿದ್ದಳು. ಆದರೂ ಮರುದಿನ ತನ್ನ ಗಂಟಿಗೆ ಹೂವು ಸಿಕ್ಕಿಸಿದ್ದಳು. ಸಿಕ್ಕಿಸದೆ ಇದ್ದರೆ ಒಪ್ಪಿಕೊಂಡ ಹಾಗಾಗುತ್ತದೆ ಅಂತಲೋ, ಕೈಗೆ ಅದೇ ಅಭ್ಯಾಸವಾಗಿತ್ತು ಅಂತಲೋ.

ಮನೆಗೆ ಬಂದ ಮೇಲೆ ಸೊಸೆ ಹೊರೆಯನ್ನು ಗೋಡೆ ಬದಿಗೆ ಹಾಕಿ, ಬಿಂದಿಗೆಯಿಂದ ನೀರು ಬಗ್ಗಿಸಿ ಮುಖಕ್ಕೆ ಎರಚಿಕೊಂಡಳು.

"ಅತ್ತೆ, ಇವತ್ತಿನ ಮಾತಲ್ಲ ಇದು. ಹೊರೆ ಮಾರಾಟ ಆಗದೆ ಹೋದ್ರೆ ನಾನು ಯಾಕೆ ಕೊಯ್ಯಲಿ? ಕೊಯ್ಯದೆ ಬಿಟ್ಟ ಪಟ್ಟೆ ಯಾರಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ಗುಡ್ಡದ ಇಳಿಜಾರು ಮೇಲಿಂದ ಕೆಳಗೆ ಪಟ್ಟೆ ಪಟ್ಟೆಯಾಗಿ ಹಂಚಿಕೆಯಾಗಿತ್ತು. ಅತ್ತೆಯ ಪಟ್ಟೆ ಸೊಸೆಗೆ. ಒಂದು ಹಂಗಾಮು ಕೊಯ್ಯದೆ ಬಿಟ್ಟರೆ ಕಾಯುತ್ತ ನಿಂತವರಿಗೆ. ಕಾಯುತ್ತ ನಿಂತವರು ಬೇಕಾದಷ್ಟು ಇದ್ದರು.

"ಗೊತ್ತು" ಎಂದಳು ಮುದುಕಿ.

"ಹೂವು ತೆಗೆದು ಗಂಟಿಗೆ ಬೇರೆ ಏನಾದ್ರೂ ಗುರುತು ಹಾಕೋಣ. ಈ ಅಂಗಳದ್ದನ್ನೂ ಕಿತ್ತು ಹಾಕೋಣ."

"ಮುಖ ತೊಳೆದುಕೊಂಡ್ರೆ ಬೇರೆಯವಳು ಆಗ್ಬಿಡ್ತೀನೇನೇ? ಅಂಗಳದ್ದು ಅಂಗಳದಲ್ಲಿದೆ. ಯಾರ ದನ ಬಂದು ಇದನ್ನ ತಿಂತು? ಗುಡ್ಡದ ಮೇಲೆ ನಾನು ಬಿತ್ತಿದ್ನಾ? ಗಾಳಿ ತಂತು, ಹಕ್ಕಿ ತಂತು. ಹೋಗಿ ಅವನ್ನ ಕೇಳು."

ಸೊಸೆ ಮುಖ ಒರೆಸಿಕೊಂಡು ಒಳಗೆ ಹೋದಳು. ಮದುವೆಯಾಗಿ ಬಂದ ವರ್ಷ ಕುಡುಗೋಲು ಹಿಡಿಯುವುದನ್ನು, ಹುಲ್ಲಿನಿಂದಲೇ ಹುರಿ ಹೊಸೆಯುವುದನ್ನು, ಕತ್ತು ನೋಯದ ಹಾಗೆ ಹೊರೆ ಇಳಿಸುವುದನ್ನು ಈ ಮುದುಕಿಯೇ ಕಲಿಸಿದ್ದಳು. ಹೂಗಂಟಿನವಳ ಸೊಸೆ ಎಂಬ ಒಂದೇ ಕಾರಣಕ್ಕೆ ಒಂದು ದಿನವೂ ಬಿಡಿ ಹಾಕದೆ ಕಟ್ಟೆಯ ಮೇಲೆ ಗಂಟು ಇಳಿಸಿದವಳು ಅವಳು.

ಮಗ ಬಂದದ್ದು ಸಂಜೆ. ಕೊಟ್ಟಿಗೆಗಳ ಗೊಬ್ಬರವನ್ನು ಟ್ರಾಕ್ಟರಿನಲ್ಲಿ ಹೊಲಗಳಿಗೂ ಗುಡ್ಡದ ತಲೆಯ ಮೇಲಿನ ತೋಟಗಳಿಗೂ ಸಾಗಿಸುವುದು ಅವನ ಕೆಲಸ. ಯಾವಾಗಲೂ ತಮಾಷೆ ಮಾಡುತ್ತ ಊಟಕ್ಕೆ ಕೂರುವವನು, ಆ ದಿನ ತಟ್ಟೆಯಲ್ಲೇ ಬೆರಳಾಡಿಸುತ್ತ ಕೂತ.

"ಅಮ್ಮ, ಹೊರೆಯ ಹುರಿ ಕುಯ್ದ ಮೇಲೆ ಅದನ್ನ ಎಲ್ಲಿಗೆ ಎಸೀತಾರೆ?"

"ತಿಪ್ಪೆಗೆ. ಇನ್ನೆಲ್ಲಿಗೆ?"

"ಹೂವನ್ನ?"

ಮುದುಕಿ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

"ಇವತ್ತು ಟ್ರಾಕ್ಟರ್ ಮೇಲೆ ಕೂತು ನೋಡ್ತಾ ಬಂದೆ. ನಾನು ಗೊಬ್ಬರ ಸುರಿದ ಜಾಗದಲ್ಲೆಲ್ಲ ನೀಲಿ. ಸುರಿಯದ ಜಾಗದಲ್ಲಿ ಇಲ್ಲ. ಮಳೆ ಬಂದಾಗ ಮೇಲಿನ ತೋಟದ್ದು ಕೊಚ್ಚಿಕೊಂಡು ಇಳಿಜಾರಿಗೆ ಬಂದಿದೆ. ಗಾಳಿಯೂ ಅಲ್ಲ, ಹಕ್ಕಿಯೂ ಅಲ್ಲಮ್ಮ. ನೀನು ಕಟ್ಟಿ ಕಳಿಸಿದೆ, ನಾನು ಹೊತ್ತು ಹಾಕಿದೆ. ಅಮ್ಮ ಮಗ ಸೇರಿ ಒಳ್ಳೇ ಬೇಸಾಯ ಮಾಡಿದೀವಿ."

ಕೊನೆಯ ಮಾತಿಗೆ ಅವನು ನಗಲು ನೋಡಿದ. ಕದಿರಿನ ತುದಿಯಲ್ಲಿ ಹೂವು ಅರಳುತ್ತಿರುವಾಗಲೇ ಬುಡದಲ್ಲಿ ಬೀಜ ಬಲಿತು ಉದುರಲು ಕಾದಿರುತ್ತದೆ ಎಂಬುದು ಮುದುಕಿಗೆ ಚೆನ್ನಾಗಿ ಗೊತ್ತಿತ್ತು. ಗಂಟಿಗೆ ಸಿಕ್ಕಿಸುವಾಗ ಎಷ್ಟೋ ಸಲ ಆ ಬೀಜ ಅವಳ ಅಂಗೈಗೇ ಉದುರಿತ್ತು. ಸೀರೆಗೆ ಕೈ ಒರೆಸಿಕೊಂಡಿದ್ದಳು, ಅಷ್ಟೆ.

ಮಾರನೆಯ ದಿನ ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಕೊಟ್ಟಿಗೆಗೆ ಹೋದಳು. ಹಾಲು ಕರೆಯುವ ಗಲಾಟೆ ಮುಗಿದು ನೆಲ ತೊಳೆದಿತ್ತು. ಒಂದು ಕಡೆ ಹುಲ್ಲು ಕತ್ತರಿಸುವ ಮಷೀನು ಬಾಯಿ ತೆರೆದುಕೊಂಡು ನಿಂತಿತ್ತು. ಕೊನೆಯ ಗೂಟದಲ್ಲಿ ಬಿಳಿ ಹಸು ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಗೋಡೆಯನ್ನು ನೂಕಿ ಆಚೆ ಹೋಗಬೇಕು ಎನ್ನುವ ಹಾಗೆ. ಬಿಸಿಲು ತಾಗಿದ ಕಡೆಯೆಲ್ಲ ಬೆನ್ನಿನ ಚರ್ಮ ಸುಲಿದು, ಒಣಗಿದ ಕಾಗದದಂತೆ ಎದ್ದು ನಿಂತಿತ್ತು. ಕೊಟ್ಟಿಗೆಯವನು ಡಬ್ಬಿಯಿಂದ ಮುಲಾಮು ತೆಗೆದು ಸವರುತ್ತಿದ್ದ.

ಇದು ಕರುವಾಗಿದ್ದಾಗಿನಿಂದ ಮುದುಕಿಗೆ ಗೊತ್ತು. ಕಟ್ಟೆಯ ಹತ್ತಿರ ಕಟ್ಟಿದ್ದಾಗ ಅವಳ ಹೊರೆಗೇ ಬಾಯಿ ಹಾಕುತ್ತಿತ್ತು. ಬೈದರೆ ಕಿವಿ ಅಲ್ಲಾಡಿಸುತ್ತಿತ್ತು. "ಏನೇ, ಬಿಳೀ" ಎಂದು ಕರೆದಳು. ಹಸು ತಿರುಗಲಿಲ್ಲ.

"ಇದು ನನ್ನ ಹುಲ್ಲಿಂದಾನಾ?" ಎಂದು ಕೇಳಿದಳು.

"ಯಾರ ಹುಲ್ಲು ಅಂತ ಅದರ ಹೊಟ್ಟೆಯಲ್ಲಿ ಬರೆದಿರಲ್ಲ ಅಜ್ಜಿ. ಗುಡ್ಡದ ಮೇಲೆ ಎಲ್ಲರ ಪಟ್ಟೆಯಲ್ಲೂ ಇದೆ."

"ನನ್ನ ಹೊರೆ ಒಂದನ್ನೇ ಯಾಕೆ ಬೇಡ ಅಂದೆ ಮತ್ತೆ?"

ಅವನು ಡಬ್ಬಿಯ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ. ನಲವತ್ತು ದಾಟಿದ ಗಂಡಸು, ಅಪ್ಪನಿಂದ ಈ ಕೊಟ್ಟಿಗೆಯನ್ನು ವಹಿಸಿಕೊಂಡವನು. ಅಪ್ಪನ ಬೆರಳು ಹಿಡಿದು ಕಟ್ಟೆಗೆ ಬರುತ್ತಿದ್ದಾಗ ಮುದುಕಿ ಅವನಿಗೆ ಹುಲ್ಲುಕಡ್ಡಿಯ ಪೀಪಿ ಮಾಡಿಕೊಟ್ಟಿದ್ದಳು.

"ಬೇರೆಯವರ ಹೊರೆನ ಒಳಗೆ ತಂದ ಮೇಲೆ ನಾವು ಬಿಚ್ಚಿ, ಕೊಡವಿ, ನೋಡಿಯೇ ಮಷೀನಿಗೆ ಹಾಕೋದು ಅಜ್ಜಿ. ಕಸ ಇದ್ರೆ ಆಗಲೇ ಸಿಕ್ಕಿಬಿಡುತ್ತೆ. ನಿನ್ನದನ್ನ ನಮ್ಮಪ್ಪನ ಕಾಲದಿಂದಲೂ ನೋಡಿದ್ದಿಲ್ಲ. ಹೂಗಂಟಾದ್ರೆ ನೇರ ಮಷೀನಿಗೆ ಅಂತ ನನಗೂ ಹೇಳಿಕೊಟ್ಟಿದ್ರು. ಹಂಗೇ ಮಾಡಿದೆ. ಬೇರೆ ಯಾರ ಹುಲ್ಲಿಂದ ಹೋಯ್ತೋ ಬಿಟ್ಟಿತೋ, ನೋಡದೇ ಹಾಕಿದ್ದು ನಿನ್ನದೊಂದೇ."

ಮುದುಕಿ ಗೂಟ ಹಿಡಿದುಕೊಂಡು ನಿಂತಳು. ಕೊಟ್ಟಿಗೆಯವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಒಂದಿಷ್ಟು ಸಿಟ್ಟಿದ್ದರೆ ಹಿಡಿದುಕೊಳ್ಳಲು ಅವಳಿಗೆ ಏನಾದರೂ ಸಿಗುತ್ತಿತ್ತು.

"ಬೈದುಬಿಡೋ" ಎಂದಳು.

"ಬೈದ್ರೆ ಇದು ಮೇವು ತಿನ್ನುತ್ತಾ?" ಎಂದ ಅವನು. "ಕೂತ್ಕೋ ಅಜ್ಜಿ."

ಅವಳು ಕೂರಲಿಲ್ಲ. ಹಸುವಿನ ಕೊರಳಿನ ಕೆಳಗೆ, ಚರ್ಮ ಇನ್ನೂ ಮೆತ್ತಗಿದ್ದ ಕಡೆ, ಸ್ವಲ್ಪ ಹೊತ್ತು ಕೆರೆದಳು. ಆಮೇಲೆ ಹೊರಟುಬಂದಳು.

ಸೊಸೆ ಗುಡ್ಡದಿಂದ ಬಂದಾಗ ಅಂಗಳದ ಮೂಲೆಯ ನೆಲ ಕೆದರಿ ಬಿದ್ದಿತ್ತು. ನೀಲಿ ಗಿಡಗಳು ಬೇರುಸಹಿತ ಒಂದರ ಮೇಲೊಂದು ಒರಗಿದ್ದವು. ಮುದುಕಿ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಮೊಣಕೈವರೆಗೆ ಅವಳ ಕೈ ಕೆಂಪಗೆ ಊದಿಕೊಂಡಿತ್ತು.

"ಕೈಗೆ ಒಂದು ಗೋಣಿ ಚೂರಾದ್ರೂ ಸುತ್ತಿಕೊಳ್ಳಬಾರದಿತ್ತಾ ಅತ್ತೆ? ಇದೇನು ಮಾಡಿಕೊಂಡ್ರಿ!"

"ತಿಪ್ಪೆಗೆ ಹಾಕಬೇಡ. ಕಿತ್ತ ಮೇಲೂ ಬೀಜ ಬಲಿಯುತ್ತೆ ಈ ರಂಡೇದು. ಚೀಲಕ್ಕೆ ತುಂಬಿ ಬಾಯಿ ಕಟ್ಟು. ಒಣಗಿದ ಮೇಲೆ ಸುಡೋಣ."

ಸೊಸೆ ಚೀಲ ತಂದಳು. ಇಬ್ಬರೂ ಸೇರಿ ತುಂಬಿದರು. ಗಿಡ ಬಾಗಿ ಒಳಗೆ ಹೋಗುವಾಗ ಜೇನುನೊಣವೊಂದು ಹೂವಿನ ಜೊತೆಗೇ ಚೀಲದೊಳಕ್ಕೆ ಹೋಯಿತು. ಮುದುಕಿ ಚೀಲದ ಬಾಯಿ ಅಗಲಿಸಿ, ಅದು ಹೊರಗೆ ಬರುವವರೆಗೆ ಕಾದಳು.

"ನಾಳೆ ನಮ್ಮ ಹೊರೆ ಬಿಡಿ ಹಾಕೋಣ" ಎಂದಳು ಆಮೇಲೆ.

ಸೊಸೆ ಕಟ್ಟುತ್ತಿದ್ದ ದಾರವನ್ನು ಬಿಟ್ಟಳು. "ಬಿಡಿನಾ? ನಾನು ಹಾಕ್ತೀನಿ, ನೀವು ಬರಬೇಡಿ. ನೀವು ಅಲ್ಲಿ ಕೂತು... ಎಲ್ಲರೂ ಏನಂತಾರೆ?"

"ನೀನು ಕೊಯ್ಯೋಳು. ಕಟ್ಟಿದ್ದು ನಾನು. ಬಿಚ್ಚೋದೂ ನಾನೇ."

ಬೆಳಗ್ಗೆ ಗುಡ್ಡದ ಮೇಲೆ ಇಬ್ಬರೂ ಹುಲ್ಲನ್ನು ಹಿಡಿ ಹಿಡಿಯಾಗಿ ನೋಡಿ ಕೊಯ್ದರು. ಸೊಸೆ ಕೊಯ್ದು ಕೊಟ್ಟದ್ದನ್ನು ಮುದುಕಿ ಮಡಿಲಲ್ಲಿ ಹಾಕಿಕೊಂಡು ಆರಿಸಿದಳು. ಎಲ್ಲರಿಗಿಂತ ಕೊನೆಗೆ ಇಳಿದರು. ಕಟ್ಟೆಯ ಮೇಲೆ ಆಗಲೇ ಗಂಟುಗಳು ತುಂಬಿದ್ದವು. ಕೆಂಪು ಬಟ್ಟೆಯದು, ಎಡ ಹೊಸೆದದ್ದು, ಬಾಲದ್ದು. ಸೊಸೆ ಅಭ್ಯಾಸಬಲದಿಂದ ತಮ್ಮ ಮಾಮೂಲಿ ಜಾಗದ ಕಡೆ ತಿರುಗಿದಳು. ಮುದುಕಿ ಅವಳ ರಟ್ಟೆ ಹಿಡಿದು ಕಟ್ಟೆಯ ಕೊನೆಗೆ ನಡೆಸಿಕೊಂಡು ಹೋದಳು. ಅಲ್ಲಿ, ಈ ವರ್ಷವಷ್ಟೇ ಕೆಲಸಕ್ಕೆ ಬಂದ ಹೆಂಗಸೊಬ್ಬಳು ತನ್ನ ಹುಲ್ಲನ್ನು ಹರಡಿಕೊಂಡು ಕೂತಿದ್ದವಳು ಗಾಬರಿಯಿಂದ ಎದ್ದು ನಿಂತಳು.

"ಕೂತ್ಕೊಳ್ಳೇ, ನಾನೇನು ಮಾವನಾ?" ಎಂದು ಮುದುಕಿ ಗೊಣಗಿ, ಮೊಣಕಾಲನ್ನು ಕೈಯಿಂದ ಮಡಚಿ ನೆಲಕ್ಕೆ ಕೂತಳು.

ಬಾಲದಕ್ಕನಿಗೆ ತಡೆಯಲಾಗಲಿಲ್ಲ. "ಏನಜ್ಜೀ, ಈಗ ತಾನೇ ಕೆಲಸಕ್ಕೆ ಸೇರಿದ ಹಾಗಿದೆ?"

"ಹೂಂ ಕಣೇ. ಕೆಲಸ ಬಾರದ ಹೆಂಗಸು ಅಂತ ಹೊಡೀಬೇಡಿ ಮತ್ತೆ."

ಹೆಂಗಸರು ನಕ್ಕರು. ಮುದುಕಿ ಸೊಂಟದಿಂದ ಕುಡುಗೋಲು ತೆಗೆದು ಹುರಿಯನ್ನು ಕುಯ್ದಳು. ಬಿಗಿ ಸಡಿಲಿದ ಹೊರೆ ಒಮ್ಮೆ ಉಸಿರು ಬಿಟ್ಟಂತೆ ಹರಡಿಕೊಂಡಿತು. ತಲೆಯ ಮೇಲೆ ಆಳೆತ್ತರ ಕಾಣುತ್ತಿದ್ದ ಹುಲ್ಲು ಕಲ್ಲಿನ ಮೇಲೆ ಬಿದ್ದಾಗ ತೀರ ತೆಳ್ಳಗಿತ್ತು. ಇಷ್ಟೇನಾ ಎನ್ನಿಸುವಷ್ಟು.

ಕೊಟ್ಟಿಗೆಯವನು ಮಿಕ್ಕ ಹೊರೆಗಳನ್ನೆಲ್ಲ ಮುಗಿಸಿ ಬಂದ. ಆ ಹೊತ್ತಿಗೆ ಬಿಸಿಲು ಕಟ್ಟೆ ಏರಿತ್ತು. ಅವನು ಬಗ್ಗಿ ಹುಲ್ಲಿಗೆ ಕೈ ಚಾಚಿದವನು, ಮುದುಕಿ ತಾನೇ ಆರಿಸುತ್ತಿರುವುದನ್ನು ಕಂಡು ಹಿಂತೆಗೆದ. ಅವಳು ಊದಿದ ಬೆರಳುಗಳಿಂದ ಒಂದೊಂದೇ ಹಿಡಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಆ ಬದಿಗೆ ಇಡುತ್ತಿದ್ದಳು. ನೋಡಿದ್ದು ಆ ಕಡೆ, ನೋಡಬೇಕಾದ್ದು ಈ ಕಡೆ. ಒಂದು ಹಿಡಿಯಲ್ಲಿ ಅವಳ ಬೆರಳು ನಿಂತಿತು.

ಹೂವು ಬಿಡದ ಎಳೆಯ ಸಸಿ. ಹುಲ್ಲಿನಷ್ಟೇ ಹಸಿರು. ನೋಡುವವರಿಗೆ ಹುಲ್ಲೇ. ಕೈಗೆ ಮಾತ್ರ ರೋಮ ಒರಟು.

ಸೊಸೆ ಅದನ್ನು ಕಂಡಳು. ಕೊಟ್ಟಿಗೆಯವನು ಆ ಕ್ಷಣ ಬೇರೆ ಕಡೆ ನೋಡುತ್ತಿದ್ದ. ಸೊಸೆಯ ಕಣ್ಣು ಅತ್ತೆಯ ಮುಖದ ಮೇಲೆ ನೆಟ್ಟಿತು.

"ಇಲ್ಲೊಂದಿದೆ" ಎಂದು ಮುದುಕಿ ಗಟ್ಟಿಯಾಗಿ ಹೇಳಿ, ಅದನ್ನು ಎತ್ತಿ ಹಿಡಿದಳು. "ಅಷ್ಟು ನೋಡಿದ್ರೂ ಒಂದಿದೆ. ಇನ್ನೂ ಇರಬಹುದು. ನಿನಗೆ ಹೊತ್ತಾದ್ರೆ ಹೋಗಪ್ಪ."

ಕೊಟ್ಟಿಗೆಯವನು ಅವಳ ಕೈಯಿಂದ ಸಸಿಯನ್ನು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಪಂಚೆ ಮೇಲೆತ್ತಿ ಕಟ್ಟಿಕೊಂಡು ಹುಲ್ಲಿನ ಇನ್ನೊಂದು ಬದಿಗೆ ಕುಕ್ಕರಗಾಲಲ್ಲಿ ಕೂತ.

"ನಿಧಾನಕ್ಕೆ ನೋಡಜ್ಜಿ" ಎಂದ.

ಮುದುಕಿ ಮುಂದಿನ ಹಿಡಿಗೆ ಕೈ ಹಾಕಿದಳು. ಬಿಸಿಲು ಬಲಿಯುತ್ತಿತ್ತು. ಅಂಚಿನ ಹುಲ್ಲು ಆಗಲೇ ಸುರುಟಿಕೊಳ್ಳತೊಡಗಿತ್ತು. ಸೊಸೆ ಸಿಂಬಿಯ ಬಟ್ಟೆಯನ್ನು ಬಿಚ್ಚಿ ತಲೆಗೆ ಹೊದ್ದುಕೊಂಡಳು. ಬಿಸಿಲಿಗೆ ಬೆನ್ನು ಮಾಡಿ, ಹುಲ್ಲಿನ ಮೇಲೆ ತನ್ನ ನೆರಳು ಬೀಳುವ ಹಾಗೆ ನಿಂತಳು. ಅತ್ತೆಯ ಕೈ ಸರಿದಂತೆಲ್ಲ ತಾನೂ ಒಂದಿಷ್ಟು ಸರಿದಳು.